ಚಂದ್ರಗಿರಿ ಅಳಿವೆಯ ಸುತ್ತು: ಗಡಿಯೆನಿಸಿದ ಹೊಳೆ, ದಾರಿಯಾದ ಹೊಳೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಿಗೆ ಕಡಲತೀರವಿಲ್ಲ. ಆದರೆ ಈ ಮೂರೂ ತಾಲ್ಲೂಕುಗಳ ಮಳೆಯ ನೀರು ಕಡಲನ್ನು ಸೇರುವ ಬಗೆಯನ್ನು ಅನುಸರಿಸಿದರೆ ಮುಖ್ಯವಾಗಿ ಎರಡು ಅಳಿವೆಗಳು ಎದುರಾಗುತ್ತವೆ. ಸುಬ್ರಹ್ಮಣ್ಯ, ಕಡಬಗಳ ಕಡೆಯಿಂದ ಇಳಿದುಬರುವ ಕುಮಾರಧಾರೆಯು ಪುತ್ತೂರು ತಾಲ್ಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರು-ಉಳ್ಳಾಲಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಕೊಡಗಿನ ಪಶ್ಚಿಮದ ಇಳಿಜಾರಿನಲ್ಲಿ ಹುಟ್ಟಿ ಸಂಪಾಜೆ, ಅರಂತೋಡು, ಸುಳ್ಯಗಳ ಮೂಲಕ ಹರಿಯುವ ಪಯಸ್ವಿನಿಯು ಜಾಲ್ಸೂರಿನ ಆಚೆಗೆ ಕೇರಳವನ್ನು ಪ್ರವೇಶಿಸಿ, ದಕ್ಷಿಣದಿಂದ ಬರುವ ಇನ್ನೊಂದು ಕವಲಿನೊಡನೆ ಬೆರೆತು, ಚಂದ್ರಗಿರಿಯೆಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಮೊದಲನೆಯ ಅಳಿವೆಯು ಮಂಗಳೂರಿನ ಬಂದರಿನ ಚರಿತ್ರೆಯೊಡನೆ ಸೇರಿರುವುದರಿಂದ ವಿದ್ವಾಂಸರ ಗಮನವನ್ನು ಸಾಕಷ್ಟು ಸೆಳೆದಿದೆ. ಎರಡನೆಯದು ರಾಜ್ಯದ ಗಡಿಯ ಆಚೆಗೆ ಉಳಿದುದರಿಂದ ಸುಳ್ಯ ಸೀಮೆಯ ಅಧ್ಯಯನಗಳಲ್ಲಿ ಅದಕ್ಕೆ ದೊರೆತಿರುವ ಸ್ಥಾನ ಕಡಿಮೆ.

ಚಂದ್ರಗಿರಿಯನ್ನು ಕುರಿತ ಬರಹಗಳಲ್ಲಿ ಅದು ಬಹುಮಟ್ಟಿಗೆ ಒಂದು ಗಡಿಯಾಗಿಯೇ ಕಾಣಿಸಿಕೊಂಡಿದೆ: ತುಳುನಾಡಿನ ದಕ್ಷಿಣದ ಎಲ್ಲೆ, ಮಲೆಯಾಳದ ಉತ್ತರದ ಎಲ್ಲೆ, ಗಡಿವಿವಾದದ ರೇಖೆ. ಅಳಿವೆಯ ಎರಡೂ ದಡಗಳನ್ನು ಸುತ್ತುಹಾಕಿ ಅಲ್ಲಿನ ಐತಿಹಾಸಿಕ ನೆಲೆಗಳನ್ನು ಒಂದರ ಮುಂದೊಂದು ಇಟ್ಟು ನೋಡಿದಾಗ ಈ ಚಿತ್ರ ಸಾಲದೆನಿಸುತ್ತದೆ. ಉತ್ತರದ ದಡದಲ್ಲಿ ಇರುವುದು ದಕ್ಷಿಣದ ದಡವಿಲ್ಲದೆ ಅರ್ಥವಾಗುವುದಿಲ್ಲ. ಎರಡೂ ದಡಗಳಲ್ಲಿ ಇರುವುದು ಮೇಲಿನ ಮಲೆಸೀಮೆಯಿಲ್ಲದೆ ಅರ್ಥವಾಗುವುದಿಲ್ಲ. ಕಾಲ್ನಡಿಗೆಯ ಒಂದು ಸುತ್ತಿನ ಕ್ರಮದಲ್ಲಿ ಈ ನೆಲೆಗಳನ್ನು ವಿವರಿಸಿ, ಕಣಿವೆಯನ್ನು ಒಂದೇ ಘಟಕವಾಗಿ ಅಧ್ಯಯನ ಮಾಡುವ ಅಗತ್ಯವನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸುತ್ತಿನ ದಾರಿ

ಕಾಸರಗೋಡು ರೈಲು ನಿಲ್ದಾಣದಿಂದ ಹೊರಟು ತಳಂಗರೆಯನ್ನು ನೋಡಿಕೊಂಡು, ಚಂದ್ರಗಿರಿ ರಸ್ತೆಯ ಸೇತುವೆಯನ್ನು ದಾಟಿ ದಕ್ಷಿಣದ ಚೆಮ್ನಾಡಿಗೆ ಬಂದರೆ ಕೋಟೆಯ ಗುಡ್ಡ ದೊರೆಯುತ್ತದೆ. ಅಲ್ಲಿಂದ ಮೇಲ್ಪರಂಬದ ಮಾರ್ಗವಾಗಿ ಕಡಲಬದಿಯ ಕೀಳೂರಿಗೆ ಹೋಗಿ ಹಿಂದಿರುಗಬಹುದು. ಬಳಿಕ ಒಳದಾರಿಯಲ್ಲಿ ಪೂರ್ವಕ್ಕೆ ಸಾಗಿ ಚಟ್ಟಂಚಾಲಿನಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಸೇರಿ, ತೆಕ್ಕಿಲ್ ಸೇತುವೆಯಲ್ಲಿ ಎರಡನೆಯ ಬಾರಿ ಹೊಳೆಯನ್ನು ದಾಟಿದರೆ ಬೇವಿಂಜೆ, ಚೆರ್ಕಳ, ವಿದ್ಯಾನಗರಗಳ ಮೂಲಕ ಮತ್ತೆ ಕಾಸರಗೋಡು ಪೇಟೆ ಸಿಗುತ್ತದೆ. ಒಂದು ದಿನದಲ್ಲಿ ಇದನ್ನು ನಡೆದು ಮುಗಿಸುವುದು ಕಷ್ಟಸಾಧ್ಯ. ನೆಲೆಗಳನ್ನು ನಿಂತು ನೋಡಬಯಸುವವರಿಗೆ ಎರಡು ದಿನಗಳಾದರೂ ಬೇಕು. ಮಳೆ ನಿಂತು ಬಿಸಿಲು ಬಲಿಯುವ ಮುಂಚಿನ ಡಿಸೆಂಬರ್, ಜನವರಿ ತಿಂಗಳುಗಳು ಇದಕ್ಕೆ ಅನುಕೂಲ.

ಈ ಸುತ್ತಿನಲ್ಲಿ ಹೊಳೆಯನ್ನು ಎರಡು ಕಡೆ ದಾಟಬೇಕಾಗುತ್ತದೆ. ಕೆಳಗಿನ ದಾಟು ಕಡಲಿಗೆ ಸಮೀಪದ್ದು, ಕರಾವಳಿಗುಂಟ ಸಾಗುವ ದಾರಿಗೆ ಸೇರಿದ್ದು. ಮೇಲಿನ ದಾಟು ಘಟ್ಟದ ಕಡೆಯ ದಾರಿಗಳಿಗೆ ಹತ್ತಿರವಾದುದು. ಸೇತುವೆಗಳಿಲ್ಲದ ಕಾಲದಲ್ಲಿ ದೋಣಿಯ ಕಡವುಗಳೇ ಜನರನ್ನೂ ಸರಕನ್ನೂ ದಾಟಿಸುತ್ತಿದ್ದವು. ಶೊರನೂರು-ಮಂಗಳೂರು ರೈಲುದಾರಿಯು 1907ರಲ್ಲಿ ಮಂಗಳೂರನ್ನು ತಲುಪಿತು. ಆ ದಾರಿಯ ಸೇತುವೆಯೂ ಅಳಿವೆಯ ಸಮೀಪದಲ್ಲಿಯೇ ಹೊಳೆಯನ್ನು ದಾಟುತ್ತದೆ. ಅದರ ದಕ್ಷಿಣಕ್ಕೆ ಕಳನಾಡಿನಲ್ಲಿ ಗುಡ್ಡವನ್ನು ಕೊರೆದು ಸುರಂಗ ಮಾಡಲಾಗಿದೆ.

ಉತ್ತರದ ದಡ: ತಳಂಗರೆ

ಅಳಿವೆಯ ಉತ್ತರಕ್ಕೆ ಹೊಳೆಗೆ ಒತ್ತಿಕೊಂಡಿರುವ ತಳಂಗರೆಯು ಎರಡು ಕಾರಣಗಳಿಂದ ಚರಿತ್ರೆಯ ಅಭ್ಯಾಸಿಗಳಿಗೆ ಮುಖ್ಯವಾದುದು. ಮೊದಲನೆಯದು ಜಯಸಿಂಹನೆಂಬ ಅರಸನ ಕನ್ನಡ ಶಾಸನ. 'ತಳಂಗೆರೆ ಶಾಸನ'ವೆಂದೇ ಶಾಸನಶಾಸ್ತ್ರಜ್ಞರಲ್ಲಿ ಪರಿಚಿತವಾದ ಇದು ದಕ್ಷಿಣ ಕನ್ನಡದ ಪ್ರಾಚೀನ ಚರಿತ್ರೆಯ ಚರ್ಚೆಗಳಲ್ಲಿ ಪ್ರಸ್ತಾಪಗೊಳ್ಳುವ ಆಧಾರಗಳಲ್ಲೊಂದು. ಹೊಳೆಯ ಬಾಯಿಯವರೆಗೂ ಕನ್ನಡವು ಆಡಳಿತದ ಬರಹದ ಭಾಷೆಯಾಗಿ ಬಳಕೆಯಲ್ಲಿತ್ತೆಂಬುದಕ್ಕೆ ಇದು ನೇರ ಸಾಕ್ಷ್ಯ.

ಎರಡನೆಯದು ಮಾಲಿಕ್ ದೀನಾರ್ ಮಸೀದಿ. ಅರೇಬಿಯಾದಿಂದ ಬಂದ ಮಾಲಿಕ್ ಬಿನ್ ದೀನಾರ್ ಮತ್ತು ಅವರ ಸಂಗಡಿಗರು ಪಶ್ಚಿಮ ಕರಾವಳಿಯಲ್ಲಿ ಸ್ಥಾಪಿಸಿದರೆನ್ನಲಾದ ಮಸೀದಿಗಳಲ್ಲಿ ಇದೂ ಒಂದು. ಹಿಜರಿ 22ರಲ್ಲಿ ಇದರ ಸ್ಥಾಪನೆಯಾಯಿತೆಂಬುದು ಸಂಪ್ರದಾಯದ ನಂಬಿಕೆ. ಈ ಕಾಲನಿರ್ದೇಶವನ್ನು ಚರಿತ್ರೆಯ ದೃಷ್ಟಿಯಿಂದ ಹೇಗೇ ಪರಿಗಣಿಸಿದರೂ ಸಂಪ್ರದಾಯವು ಹೇಳುವ ಮಸೀದಿಗಳ ಪಟ್ಟಿಯೇ ಸ್ವತಃ ಗಮನಾರ್ಹವಾದುದು. ಕೊಡುಂಗಲ್ಲೂರು, ಕೊಲ್ಲಂಗಳಿಂದ ತೊಡಗುವ ಆ ಪಟ್ಟಿ ಕಾಸರಗೋಡನ್ನು ಹಾದು ಮಂಗಳೂರು ಮತ್ತು ಬಾರಕೂರುಗಳವರೆಗೆ ಸಾಗುತ್ತದೆ. ಅದನ್ನು ಕಟ್ಟಿಕೊಂಡ ವರ್ತಕ ಸಮುದಾಯದ ಕಣ್ಣಿನಲ್ಲಿ ಈ ಕರಾವಳಿ ಅಖಂಡವಾಗಿತ್ತು. ಭೂಮಾರ್ಗದ ಪಯಣಿಗನಿಗೆ ಎಲ್ಲೆಯಾಗಿ ಕಂಡ ಹೊಳೆಯ ಬಾಯಿ ಕಡಲ ಪಯಣಿಗನಿಗೆ ನೆಲವನ್ನು ಪ್ರವೇಶಿಸುವ ಬಾಗಿಲಾಗಿತ್ತು. ಕರಾವಳಿಯ ಆಡುಮಾತಿನಲ್ಲಿ 'ಅಳಿವೆ ಬಾಗಿಲು' ಎಂಬ ಬಳಕೆ ಇರುವುದು ಇಲ್ಲಿ ನೆನೆಯತಕ್ಕದ್ದು.

ತಳಂಗರೆಯ ಕೈಕಸೂತಿಯ ಟೋಪಿಗಳೂ ಈ ಕಡಲ ಸಂಬಂಧದ ಕುರುಹೇ ಆಗಿವೆ. ಒಂದು ಕಾಲಕ್ಕೆ ಕೊಲ್ಲಿಯ ನಾಡುಗಳವರೆಗೂ ಬೇಡಿಕೆಯಿದ್ದ ಈ ಕಸುಬು ಇಂದು ಕೆಲವೇ ಕೈಗಳಲ್ಲಿ ಉಳಿದಿದೆ.

ದಕ್ಷಿಣದ ದಡ: ಕೋಟೆಯ ಗುಡ್ಡ

ಸೇತುವೆಯನ್ನು ದಾಟಿ ಚೆಮ್ನಾಡಿನ ಗುಡ್ಡವನ್ನೇರಿದರೆ ಮುರಕಲ್ಲಿನಿಂದ ಕಟ್ಟಿದ ಚಂದ್ರಗಿರಿ ಕೋಟೆ ಕಾಣಸಿಗುತ್ತದೆ. ಇದರ ನಿರ್ಮಾಣವನ್ನು ಕೆಳದಿಯ ಶಿವಪ್ಪ ನಾಯಕನ (ಆಳ್ವಿಕೆ 1645–1660) ಹೆಸರಿನೊಡನೆ ಸೇರಿಸಲಾಗುತ್ತದೆ. ಕೋಟೆಯ ಗೋಡೆಯ ಮೇಲೆ ನಿಂತವನ ಕಣ್ಣಿಗೆ ಪಶ್ಚಿಮದಲ್ಲಿ ಕಡಲು, ಕೆಳಗೆ ಹೊಳೆಯ ಅಗಲವಾದ ತಿರುವು, ಎದುರಿಗೆ ತಳಂಗರೆ, ಪೂರ್ವದಲ್ಲಿ ತೆಂಗಿನ ತೋಟಗಳ ನಡುವೆ ಒಳನಾಡಿನಿಂದ ಇಳಿದುಬರುವ ನೀರಿನ ದಾರಿ ಒಟ್ಟಿಗೆ ಗೋಚರಿಸುತ್ತವೆ. ಹೊಳೆಯ ಬಾಯಿಯನ್ನೂ ಕಡವನ್ನೂ ಏಕಕಾಲದಲ್ಲಿ ಕಾಯಲು ಇದಕ್ಕಿಂತ ಅನುಕೂಲವಾದ ಸ್ಥಳ ಸುತ್ತಮುತ್ತ ಇಲ್ಲವೆಂಬುದು ಅಲ್ಲಿ ನಿಂತಾಗಲೇ ಮನವರಿಕೆಯಾಗುತ್ತದೆ. ಕೋಟೆಯು ಈಗ ಕೇರಳ ರಾಜ್ಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಳೆಯೇ ರಾಜ್ಯದ ಎಲ್ಲೆಯಾಗಿದ್ದರೆ, ಉತ್ತರದಿಂದ ಬಂದ ಕೆಳದಿಯ ಅರಸರು ತಮ್ಮ ಕೋಟೆಯನ್ನು ಉತ್ತರದ ದಡದಲ್ಲಿ ಕಟ್ಟಿ ಹೊಳೆಯನ್ನು ಕಂದಕವಾಗಿ ಬಳಸಬೇಕಾಗಿತ್ತು. ಅವರು ಹಾಗೆ ಮಾಡದೆ ಹೊಳೆಯನ್ನು ಬೆನ್ನಿಗಿಟ್ಟುಕೊಂಡು ದಕ್ಷಿಣದ ಗುಡ್ಡವನ್ನು ಆರಿಸಿಕೊಂಡರು. ಅಷ್ಟಕ್ಕೇ ನಿಲ್ಲದೆ ಇನ್ನೂ ದಕ್ಷಿಣಕ್ಕೆ ಬೇಕಲದಲ್ಲಿ, ಅದರಾಚೆ ಹೊಸದುರ್ಗದಲ್ಲಿ ಕೋಟೆಗಳನ್ನು ನಿರ್ಮಿಸಿದರು. ಬೇಕಲದ ಕೋಟೆ ಇಂದಿನ ಕೇರಳದ ಕೋಟೆಗಳಲ್ಲಿ ಅತ್ಯಂತ ದೊಡ್ಡದು. ಕಾಞಂಗಾಡಿನ ಸೀಮೆಗೆ ಉಳಿದುಬಂದ 'ಹೊಸದುರ್ಗ' ಎಂಬ ಕನ್ನಡ ಹೆಸರು ಆ ಕಾಲದ ಆಡಳಿತದ ಗುರುತು. ಕೆಳದಿಯ ಅರಸರಿಗೆ ಚಂದ್ರಗಿರಿಯು ದಾಟಿ ನಿಲ್ಲಬೇಕಾದ ನೆಲೆಯಾಗಿತ್ತೆಂದು ಈ ಕೋಟೆಗಳ ಸಾಲಿನಿಂದ ಊಹಿಸಬಹುದಾಗಿದೆ.

1763ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಂಡ ಬಳಿಕ ಈ ಕೋಟೆಗಳು ಮೈಸೂರಿನ ಅಧೀನಕ್ಕೆ ಬಂದವು. 1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಪ್ರಾಂತದೊಡನೆ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿದವು. ಅದಾದ ಸ್ವಲ್ಪ ಕಾಲದಲ್ಲೇ, 1801ರ ಆರಂಭದಲ್ಲಿ, ಮಲಬಾರಿನಿಂದ ಉತ್ತರಕ್ಕೆ ಪಯಣಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಹೊಳೆಯನ್ನು ದಾಟಿದನು. ದಕ್ಷಿಣದ ಎತ್ತರದ ದಡದ ಮೇಲಿನ ಕೋಟೆಯನ್ನೂ, ಹೊಳೆಯು ಮಲೆಯಾಳಕ್ಕೂ ತುಳುವಕ್ಕೂ ನಡುವಣ ಎಲ್ಲೆಯಾಗಿರುವುದನ್ನೂ ಆತನು ಗುರುತಿಸಿದ್ದಾನೆ. ಕೋಟೆ ಕಟ್ಟಿದವರು ದಾಟಿದ ಎಲ್ಲೆಯನ್ನೇ ಜನಜೀವನವನ್ನು ಕಂಡ ಪ್ರವಾಸಿಯು ಎಲ್ಲೆಯೆಂದು ಬರೆದುದು ಪರಸ್ಪರ ವಿರುದ್ಧವಾದ ಮಾತಲ್ಲ. ರಾಜಕೀಯದ ಗಡಿಯೂ ಆಚಾರದ ಗಡಿಯೂ ಒಂದೇ ಆಗಿರಬೇಕಿಲ್ಲವೆಂಬುದಕ್ಕೆ ಇದು ನಿದರ್ಶನ.

ಆಚಾರದ ಗಡಿ ಮತ್ತು ಅದರ ಉಲ್ಲಂಘನೆ

ಆಚಾರದ ಗಡಿಯಾಗಿ ಚಂದ್ರಗಿರಿಗೆ ಇದ್ದ ಪ್ರಾಬಲ್ಯ ಸಣ್ಣದಲ್ಲ. ಮಲಯಾಳದಲ್ಲಿ 'ಪೆರುಂಪುಳ', ಎಂದರೆ ದೊಡ್ಡ ಹೊಳೆ, ಎಂದು ಕರೆಯಲ್ಪಡುತ್ತಿದ್ದ ಇದನ್ನು ನಾಯರ್ ಸಮುದಾಯದ ಸ್ತ್ರೀಯರು ದಾಟಬಾರದೆಂಬ ಕಟ್ಟುಪಾಡು ಬಹುಕಾಲ ಬಳಕೆಯಲ್ಲಿತ್ತೆಂಬುದು ಬ್ರಿಟಿಷರ ಕಾಲದ ಬರಹಗಳಿಂದ ತಿಳಿದುಬರುತ್ತದೆ. ಇಂದಿಗೂ ಹೊಳೆಯ ಉತ್ತರಕ್ಕೆ ಭೂತಾರಾಧನೆಯ ಪದ್ಧತಿ, ದಕ್ಷಿಣಕ್ಕೆ ತೆಯ್ಯಂ ಪದ್ಧತಿ ಎಂದು ಸ್ಥೂಲವಾಗಿ ವಿಭಾಗಿಸಿ ಹೇಳುವುದುಂಟು.

ಆದರೆ ಈ ವಿಭಾಗವನ್ನು ಸುಳ್ಯ ಸೀಮೆಯ ಆಚರಣೆಗಳೇ ಸಡಿಲಗೊಳಿಸುತ್ತವೆ. ಸುಳ್ಯದ ಹಳ್ಳಿಗಳಲ್ಲಿ ಕೆಂಡದ ರಾಶಿಯೊಡನೆ ನಡೆಯುವ ವಿಷ್ಣುಮೂರ್ತಿಯ ಒತ್ತೆಕೋಲ ಅಲ್ಲಿನ ಜನರ ಪ್ರಮುಖ ಆರಾಧನೆಗಳಲ್ಲೊಂದು. ತುಳು, ಅರೆಭಾಷೆ, ಕನ್ನಡಗಳನ್ನಾಡುವ ಭಕ್ತರ ನಡುವೆ ದೈವದ ನುಡಿಯಲ್ಲಿ ಮಲಯಾಳ ಕೇಳಿಬರುವುದು ಅಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ವಿಷ್ಣುಮೂರ್ತಿಯ ಐತಿಹ್ಯವೂ ಹೊಳೆಯನ್ನು ದಾಟುವ ಕಥೆಯೇ ಆಗಿದೆ. ನೀಲೇಶ್ವರದ ಸೀಮೆಯ ಪಾಲಂತಾಯಿ ಕಣ್ಣನ್ ಎಂಬವನು ಅಲ್ಲಿಂದ ಓಡಿ ಮಂಗಳೂರಿಗೆ ಬಂದು ನರಸಿಂಹನ ಭಕ್ತನಾಗಿ, ಮರಳಿ ಊರಿಗೆ ಹೋದಾಗ ಕೊಲೆಗೀಡಾಗಿ, ಆ ಬಳಿಕ ದೈವದ ಶಕ್ತಿ ಅಲ್ಲಿ ನೆಲೆಗೊಂಡಿತೆಂದು ಆ ಐತಿಹ್ಯ ಹೇಳುತ್ತದೆ. ಮಲಯಾಳದ ಸೀಮೆಯಿಂದ ತುಳುನಾಡಿಗೆ, ತುಳುನಾಡಿನಿಂದ ಮತ್ತೆ ಮಲಯಾಳದ ಸೀಮೆಗೆ ಸಾಗುವ ಈ ಪಯಣದ ನಡುವೆ ಇರುವ ಹೊಳೆ ಚಂದ್ರಗಿರಿ. ಒಂದು ಕಟ್ಟುಪಾಡು ದಾಟಬಾರದೆಂದ ಹೊಳೆಯನ್ನು ಇನ್ನೊಂದು ಐತಿಹ್ಯ ಎರಡು ಬಾರಿ ದಾಟಿಸಿದೆ.

ಹೊಳೆಯ ದಕ್ಷಿಣಕ್ಕೆ ಕಡಲಬದಿಯಲ್ಲಿರುವ ಕೀಳೂರಿನ ಶಾಸ್ತಾ ದೇವಾಲಯವನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ಶಾಸ್ತಾರಾಧನೆ ಮಲಯಾಳದ ನಾಡಿನಲ್ಲಿ ವ್ಯಾಪಕವಾಗಿರುವಂತೆ ಪುತ್ತೂರು, ಸುಳ್ಯ ಸೀಮೆಗಳ ಊರುಗಳಲ್ಲೂ ಬೇರುಬಿಟ್ಟಿದೆ. ದೇವತೆಗಳ ಹರಹು ಹೊಳೆಯ ದಡದಲ್ಲಿ ನಿಂತಿಲ್ಲ.

ಮೇಲಿನ ದಾಟು: ತೆಕ್ಕಿಲ್ ಮತ್ತು ಚೆರ್ಕಳ

ಕೀಳೂರಿನಿಂದ ಹಿಂದಿರುಗಿ ಪೂರ್ವಕ್ಕೆ ಸಾಗಿದಂತೆ ಕಡಲಿನ ಗಾಳಿ ಹಿಂದುಳಿದು ಮುರಕಲ್ಲಿನ ಬೋಳುಗುಡ್ಡಗಳು ತೊಡಗುತ್ತವೆ. ತೆಕ್ಕಿಲ್ ಸೇತುವೆಯ ಬಳಿ ಹೊಳೆಯು ಗುಡ್ಡಗಳ ನಡುವೆ ಆಳವಾದ ಕಣಿವೆಯಲ್ಲಿ ಹರಿಯುತ್ತದೆ. ಷಟ್ಪಥ ಹೆದ್ದಾರಿಯ ಕಾಮಗಾರಿಯಿಂದ ಈ ಭಾಗದ ಗುಡ್ಡಗಳ ರೂಪ ಬಹಳಷ್ಟು ಬದಲಾಗಿದೆ. ಹಳೆಯ ದಾರಿಯ ಜಾಡುಗಳನ್ನು ದಾಖಲಿಸಬೇಕೆನ್ನುವವರಿಗೆ ಉಳಿದಿರುವ ಕಾಲ ಹೆಚ್ಚಿಲ್ಲ.

ಸೇತುವೆಯ ಉತ್ತರಕ್ಕಿರುವ ಚೆರ್ಕಳದ ಕವಲು ಈ ಸುತ್ತಿನಲ್ಲಿ ಸ್ಮಾರಕವಿಲ್ಲದ ನೆಲೆ. ಆದರೂ ಕಣಿವೆಯ ಚರಿತ್ರೆಯನ್ನು ಅರಿಯಲು ಅದು ಕೋಟೆಯಷ್ಟೇ ಮುಖ್ಯ. ಇಲ್ಲಿಂದ ಒಂದು ರಸ್ತೆ ಮುಳ್ಳೇರಿಯ, ಆದೂರುಗಳ ಮೂಲಕ ಜಾಲ್ಸೂರಿಗೆ, ಅಲ್ಲಿಂದ ಸುಳ್ಯಕ್ಕೆ ಹೋಗುತ್ತದೆ. ಇನ್ನೊಂದು ಬದಿಯಡ್ಕ, ಪೆರ್ಲಗಳ ಮೂಲಕ ಪುತ್ತೂರಿನ ಕಡೆಗೆ ಸಾಗುತ್ತದೆ. ಘಟ್ಟದ ತಪ್ಪಲಿನ ಅಡಕೆ, ಮೆಣಸುಗಳು ಕೆಳಗಿಳಿದದ್ದೂ, ಕರಾವಳಿಯ ಉಪ್ಪು, ಒಣಮೀನುಗಳು ಮೇಲಕ್ಕೇರಿದ್ದೂ ಹೊಳೆಗಳ ಗುಂಟ ಸಾಗಿದ ಇಂತಹ ದಾರಿಗಳಲ್ಲೇ. ಇನ್ನೊಂದು ಕಣಿವೆಯ ಉಪ್ಪಿನಂಗಡಿ ಇದೇ ವಿನಿಮಯವನ್ನು ತನ್ನ ಹೆಸರಿನಲ್ಲೇ ಉಳಿಸಿಕೊಂಡಂತಿದೆ. ಕುಂಬಳೆಯ ಪಾರ್ತಿಸುಬ್ಬನನ್ನು ಆದ್ಯನೆಂದು ಗೌರವಿಸುವ ತೆಂಕುತಿಟ್ಟಿನ ಯಕ್ಷಗಾನವೂ ಕಾಸರಗೋಡು, ಪುತ್ತೂರು, ಸುಳ್ಯಗಳನ್ನು ಒಂದೇ ರಂಗಭೂಮಿಯಾಗಿ ಉಳಿಸಿಕೊಂಡು ಬಂದಿದೆ.

ಚೆರ್ಕಳದಿಂದ ಪೇಟೆಗೆ ಬರುವ ದಾರಿಯಲ್ಲಿ ವಿದ್ಯಾನಗರವಿದೆ. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜು ಇಲ್ಲಿಯೇ ಇದೆ. ರಾಜ್ಯಗಳ ಮರುವಿಂಗಡಣೆಯ ಮರುವರ್ಷ ಹುಟ್ಟಿದ ಈ ಕಾಲೇಜಿನ ಕನ್ನಡ ವಿಭಾಗವು ಗಡಿಯಾಚೆ ಉಳಿದ ಕನ್ನಡಿಗರ ಉನ್ನತ ಶಿಕ್ಷಣದಲ್ಲಿ ವಹಿಸಿದ ಪಾತ್ರ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು.

ಆಡಳಿತದ ಗಡಿಗಳು

ಕಣಿವೆಯ ಆಡಳಿತದ ಚರಿತ್ರೆಯನ್ನು ಹೊಳೆಯ ಉದ್ದಕ್ಕೆ ಪರಿಶೀಲಿಸಿದರೆ ಒಂದು ಸಂಗತಿ ಎದ್ದುಕಾಣುತ್ತದೆ. 1799ರಲ್ಲಿ ಹೊಳೆಯ ಬಾಯಿ ಕಂಪೆನಿಯ ಆಡಳಿತಕ್ಕೆ ಬಂದರೂ ಮೇಲಿನ ಅಮರ-ಸುಳ್ಯ ಮಾಗಣೆ ಕೊಡಗಿನ ಅರಸರ ಅಧೀನದಲ್ಲಿತ್ತು. 1834ರಲ್ಲಿ ಕೊಡಗನ್ನು ಬ್ರಿಟಿಷರು ವಶಪಡಿಸಿಕೊಂಡ ಮೇಲೆ ಆ ಭಾಗವನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ದವಸದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಬೇಕಾದುದು ರೈತರನ್ನು ಸಂಕಟಕ್ಕೀಡುಮಾಡಿತು. 1837ರ ಅಮರ ಸುಳ್ಯದ ದಂಗೆಗೆ ಅದೂ ಒಂದು ಕಾರಣವಾಯಿತು. ಮುಂದೆ 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಹೀಗೆ ಸುಳ್ಯದಿಂದ ಕಡಲವರೆಗಿನ ಹರಿವು ಒಂದೇ ಜಿಲ್ಲಾಡಳಿತದಲ್ಲಿ ಇದ್ದುದು 1834ರಿಂದ 1956ರವರೆಗಿನ 122 ವರ್ಷಗಳ ಕಾಲ. ಹೊಳೆ ಹುಟ್ಟುವ ಕೊಡಗು ಆಗಲೂ ಪ್ರತ್ಯೇಕವಾಗಿಯೇ ಇತ್ತು.

ಮರುವಿಂಗಡಣೆಯ ಬಳಿಕ ಹೊಳೆಯು ಇನ್ನೊಮ್ಮೆ ಗಡಿಯಾಗಿ ಪ್ರಸ್ತಾಪಕ್ಕೆ ಬಂದಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು 1967ರ ವರದಿಯಲ್ಲಿ ಚಂದ್ರಗಿರಿ-ಪಯಸ್ವಿನಿಗಳ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಕೇರಳವು ಅದನ್ನು ಒಪ್ಪಲಿಲ್ಲ; ಶಿಫಾರಸು ಜಾರಿಗೆ ಬರಲಿಲ್ಲ. 1984ರಲ್ಲಿ ಹೊಳೆಯ ಎರಡೂ ದಡಗಳನ್ನು ಒಳಗೊಂಡು ಕಾಸರಗೋಡು ಜಿಲ್ಲೆ ರೂಪುಗೊಂಡಿತು. ಉತ್ತರದ ಸೀಮೆಯ ಕನ್ನಡ, ತುಳು ಭಾಷಿಕರ ಪಾಲಿಗೆ ಈ ಪ್ರಶ್ನೆ ಶಾಲೆ, ಉದ್ಯೋಗ, ಕಚೇರಿಯ ವ್ಯವಹಾರಗಳ ಮೂಲಕ ದಿನನಿತ್ಯದ ಬದುಕನ್ನು ತಟ್ಟಿದ ಪ್ರಶ್ನೆಯಾಗಿತ್ತು. ಆ ಅಳಲಿನ ನ್ಯಾಯವನ್ನು ಕಡೆಗಣಿಸದೆಯೇ ಒಂದು ಮಾತನ್ನು ಗಮನಿಸಬಹುದು. ಆಯೋಗದ ರೇಖೆ ಜಾರಿಗೆ ಬಂದಿದ್ದರೆ ಕೆಳದಿಯ ಅರಸರ ಕೋಟೆ ಕೇರಳದಲ್ಲಿ ಉಳಿದು, ಕೊಡುಂಗಲ್ಲೂರಿನ ಸಂಪ್ರದಾಯಕ್ಕೆ ಸೇರಿದ ತಳಂಗರೆಯ ಮಸೀದಿ ಮೈಸೂರಿಗೆ ಬರುತ್ತಿತ್ತು. ಯಾವ ರೇಖೆಯನ್ನು ಎಳೆದರೂ ಈ ಅಳಿವೆಯ ಚರಿತ್ರೆ ಅದರ ಎರಡೂ ಬದಿಗಳಲ್ಲಿ ಹಂಚಿಹೋಗುತ್ತದೆ.

ಚಲಿಸುವ ಗಡಿ: ಉಪ್ಪುನೀರು

ಅಳಿವೆಯಲ್ಲಿ ನಿಜಕ್ಕೂ ಕಾಣಸಿಗುವ ಗಡಿ ಸಿಹಿನೀರಿಗೂ ಉಪ್ಪುನೀರಿಗೂ ನಡುವಣದು. ಅದು ಹೊಳೆಗೆ ಅಡ್ಡಲಾಗಿ ಇರುವಂಥದು ಮತ್ತು ನಿರಂತರ ಚಲಿಸುವಂಥದು. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತಗಳಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ಕೆಂಪು ನೀರು ಉಪ್ಪುನೀರನ್ನು ಕಡಲಿಗೆ ತಳ್ಳುತ್ತದೆ. ಹರಿವು ಕುಗ್ಗಿದಂತೆ ಭಾರವಾದ ಉಪ್ಪುನೀರು ಹೊಳೆಯ ತಳವನ್ನು ಹಿಡಿದು ಉಬ್ಬರದೊಡನೆ ಒಳನಾಡಿಗೆ ಸರಿಯುತ್ತದೆ. ಬೇಸಗೆಯ ಕೊನೆಯಲ್ಲಿ ಅದು ದಡದ ಬಾವಿಗಳನ್ನೂ ತೋಟಗಳನ್ನೂ ಬಾಧಿಸುತ್ತದೆ.

ಕಾಸರಗೋಡು ಪೇಟೆಗೆ ಕುಡಿಯುವ ನೀರನ್ನು ಎತ್ತುವ ಬಾವಿಕ್ಕರೆಯವರೆಗೂ ಉಪ್ಪುನೀರು ನುಗ್ಗುತ್ತಿದ್ದುದರಿಂದ ಹಲವು ವರ್ಷಗಳ ಕಾಲ ಬೇಸಗೆಗೆ ಮುನ್ನ ಮರಳಿನ ಚೀಲಗಳಿಂದ ತಾತ್ಕಾಲಿಕ ಕಟ್ಟವನ್ನು ಹಾಕಲಾಗುತ್ತಿತ್ತು. ಮಳೆ ಬಂದೊಡನೆ ಅದು ಕೊಚ್ಚಿಹೋಗುತ್ತಿತ್ತು. ಈಗ ಅಲ್ಲಿ ಶಾಶ್ವತ ತಡೆಯಣೆ ಇದೆ. ಮೇಲ್ಭಾಗದಲ್ಲಿ ಸುಳ್ಯದ ಸಮೀಪ ನಾಗಪಟ್ಟಣದಲ್ಲಿ ಪಯಸ್ವಿನಿಗೆ ಕಿಂಡಿ ಅಣೆಕಟ್ಟನ್ನು ಕಟ್ಟಲಾಗಿದೆ. ಅಡಕೆ ತೋಟಗಳಿಗಾಗಿ ಬೇಸಗೆಯಲ್ಲಿ ಮೇಲೆ ಎತ್ತಿದ ಪ್ರತಿ ಕೊಡ ನೀರಿಗೂ ಕೆಳಗೆ ಉಪ್ಪಿನ ರೇಖೆಯೊಡನೆ ಸಂಬಂಧವಿದೆ. ಹೊಳೆಯ ಮೇಲುಗಡೆ ಒಂದು ರಾಜ್ಯದಲ್ಲೂ ಕೆಳಗಡೆ ಇನ್ನೊಂದರಲ್ಲೂ ಇರುವುದರಿಂದ ಈ ಸಂಬಂಧವನ್ನು ಒಟ್ಟಾಗಿ ಅಳೆಯುವ ಹೊಣೆಯನ್ನು ಹೊರುವವರು ಬೇಕಾಗಿದ್ದಾರೆ. ದಡದ ಕಾಂಡ್ಲಾ ಗಿಡಗಳು ಎಲ್ಲಿಯವರೆಗೆ ಬೆಳೆದಿವೆಯೆಂಬುದನ್ನು ಗುರುತಿಸುತ್ತ ನಡೆದರೆ ಉಪ್ಪುನೀರಿನ ವ್ಯಾಪ್ತಿಯ ಸ್ಥೂಲ ಅಂದಾಜು ಕಾಲ್ನಡಿಗೆಯಲ್ಲೇ ದೊರೆಯುತ್ತದೆ.

ಉಪಸಂಹಾರ

ಚಂದ್ರಗಿರಿಯ ಅಳಿವೆಯನ್ನು ಸುತ್ತಿ ಬಂದಾಗ ಕಾಣುವ ನೆಲೆಗಳೆಲ್ಲವೂ ಒಂದೇ ಮಾತನ್ನು ಸಮರ್ಥಿಸುತ್ತವೆ. ಉತ್ತರದ ದಡದ ಕನ್ನಡ ಶಾಸನ, ದಕ್ಷಿಣದ ದಡದ ಕೆಳದಿಯ ಕೋಟೆ, ಕರಾವಳಿಯನ್ನು ಅಖಂಡವಾಗಿ ಕಂಡ ಮಸೀದಿಯ ಸಂಪ್ರದಾಯ, ಮಲೆಸೀಮೆಯಲ್ಲಿ ಮಲಯಾಳ ನುಡಿಯುವ ದೈವ ಇವುಗಳನ್ನು ಯಾವ ಒಂದು ಭಾಷೆಯ ಅಥವಾ ರಾಜ್ಯದ ಚೌಕಟ್ಟಿನಲ್ಲೂ ಪೂರ್ತಿಯಾಗಿ ಇರಿಸಲಾಗದು. ಗಡಿಯೆಂಬ ಹೆಸರು ಹೊಳೆಗೆ ಅಂಟಿಕೊಂಡಿದ್ದರೂ ಅದು ದಾರಿಯಾಗಿಯೂ ದುಡಿದಿದೆ.

ಇದರಿಂದ ಸಂಶೋಧಕರ ಮುಂದೆ ಒಂದು ಪ್ರಾಯೋಗಿಕ ಕೆಲಸ ಬಂದು ನಿಲ್ಲುತ್ತದೆ. ಈ ಒಂದು ಕಣಿವೆಗೆ ಸಂಬಂಧಿಸಿದ ಸಾಮಗ್ರಿ ಹಲವೆಡೆ ಚದುರಿದೆ. ಮದರಾಸು ಪ್ರಾಂತದ ಕಾಲದ ಕಡತಗಳಿಗಾಗಿ ಚೆನ್ನೈನ ಪತ್ರಾಗಾರಕ್ಕೆ, ಕೋಟೆಯ ವಿವರಗಳಿಗಾಗಿ ಕೇರಳದ ಇಲಾಖೆಗೆ, ಬೇಕಲದ ವಿವರಗಳಿಗಾಗಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ, ಅಮರ-ಸುಳ್ಯದ ಹಿಂದಿನ ಸ್ಥಿತಿಗಾಗಿ ಕೊಡಗಿನ ದಾಖಲೆಗಳಿಗೆ ಹೋಗಬೇಕು. ಮೌಖಿಕ ಪರಂಪರೆಯಂತೂ ತುಳು, ಅರೆಭಾಷೆ, ಮಲಯಾಳ, ಕನ್ನಡಗಳಲ್ಲಿ ಹಂಚಿಕೊಂಡಿದ್ದು, ಒಂದೇ ಭಾಷೆಯನ್ನು ಬಲ್ಲ ಸಂಗ್ರಾಹಕರಿಗೆ ಅರ್ಧದಷ್ಟೇ ದಕ್ಕುತ್ತದೆ. ಸಂಪಾಜೆಯಿಂದ ತಳಂಗರೆಯವರೆಗಿನ ಕಡವುಗಳು, ಕಟ್ಟಗಳು, ದೈವಸ್ಥಾನಗಳು, ಸ್ಥಳನಾಮಗಳನ್ನು ಎರಡೂ ರಾಜ್ಯಗಳ ವಿದ್ವಾಂಸರು ಜತೆಗೂಡಿ ಒಂದೇ ಪಟ್ಟಿಯಲ್ಲಿ ದಾಖಲಿಸಿದರೆ ಅದು ಸುಳ್ಯ ಸೀಮೆಯ ಚರಿತ್ರೆಗೆ ಅದರ ಕಡಲತೀರವನ್ನು ಮರಳಿ ದೊರಕಿಸಿಕೊಡುತ್ತದೆ. ಹೆದ್ದಾರಿಗಳು ಗುಡ್ಡಗಳನ್ನು ಕಡಿದು, ಕಡವುಗಳ ನೆನಪುಳ್ಳ ಹಿರಿಯರು ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಆ ಕಾರ್ಯ ತ್ವರಿತವಾಗಿ ಆಗಬೇಕಾದುದು.